ಐದು ಗಿಟಾರಿಸ್ಟರು, ಒಂದೇ ಹೆಸರು: 'ಚೈನೀಸ್ ಡೆಮಾಕ್ರಸಿ' ಯಾರ ಆಲ್ಬಂ?

2012ರ ಡಿಸೆಂಬರ್ 7ರಂದು ಬೆಂಗಳೂರಿನ ಭಾರತೀಯ ಸಿಟಿಯಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಗನ್ಸ್ ಎನ್ ರೋಸಸ್ ಕಾರ್ಯಕ್ರಮ ನಡೆಯಿತು. 2025ರ ಮೇ 17ರಂದು ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಅದೇ ಹೆಸರಿನ ಬ್ಯಾಂಡ್ ಮತ್ತೆ ನುಡಿಸಿತು. ಎರಡೂ ಕಡೆ ವೇದಿಕೆ ಮೇಲಿದ್ದವರು ಮೂರೇ ಜನ: ಹಾಡುವ ಆಕ್ಸೆಲ್ ರೋಸ್, ಕೀಬೋರ್ಡಿನ ಡಿಜ್ಜಿ ರೀಡ್, ಗಿಟಾರಿನ ರಿಚರ್ಡ್ ಫಾರ್ಟಸ್. ಮಿಕ್ಕವರೆಲ್ಲ ಬೇರೆ. ಬೆಂಗಳೂರಿಗೆ ಬಂದಾಗ ಹಳೆ ಗಿಟಾರಿಸ್ಟ್ ಸ್ಲ್ಯಾಶ್ ಇರಲಿಲ್ಲ, ಬಾಸ್ ನುಡಿಸುವ ಡಫ್ ಮೆಕೇಗನ್ ಇರಲಿಲ್ಲ. ಮುಂಬೈಗೆ ಇಬ್ಬರೂ ಬಂದರು. ಹಾಗಾಗಿ 'ಬೆಂಗಳೂರಿಗೆ ಬಂದಿದ್ದು ನಿಜವಾದ ಗನ್ಸ್ ಎನ್ ರೋಸಸ್ ಅಲ್ಲ ಬಿಡಿ' ಅನ್ನುವ ಮಾತು ಈಗಲೂ ಕೇಳಿಬರುತ್ತದೆ.

ನನಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಬೆಂಗಳೂರಿಗೆ ಬಂದಿದ್ದು 2008ರ ಆಲ್ಬಂ 'ಚೈನೀಸ್ ಡೆಮಾಕ್ರಸಿ' ಕಾಲದ ಬ್ಯಾಂಡು. ಆ ಆಲ್ಬಂ ಬಗ್ಗೆ ಜೋಕುಗಳೇ ಜಾಸ್ತಿ. 15 ವರ್ಷ ಕಾಯಿಸಿದ್ದು, ಕೋಟಿಗಟ್ಟಲೆ ಡಾಲರ್ ಸುರಿದಿದ್ದು, ಸ್ಟುಡಿಯೋದೊಳಗೆ ಕೋಳಿಗೂಡು ಕಟ್ಟಿಸಿದ್ದು. ಈ ಕಥೆಗಳ ಗದ್ದಲದಲ್ಲಿ ಒಂದು ಪ್ರಶ್ನೆ ಹಿಂದೆಯೇ ಉಳಿದುಬಿಟ್ಟಿದೆ. ಹತ್ತಾರು ಜನ ಬಂದು, ನುಡಿಸಿ, ಬಿಟ್ಟುಹೋದ ಆಲ್ಬಂ ಮೇಲೆ ಬ್ಯಾಂಡಿನ ಹೆಸರು ಹಾಕಿದರೆ ಆ ಹೆಸರು ಯಾರನ್ನು ತೋರಿಸುತ್ತೆ? ಈಗ ಇದನ್ನು ಕೇಳಲು ಕಾರಣವಿದೆ. ಆ ಕಾಲದ ಹಳೆ ಟ್ರ್ಯಾಕುಗಳನ್ನು ಬ್ಯಾಂಡು 2021ರಿಂದ ಒಂದೊಂದಾಗಿ ಹೊರಗೆ ತೆಗೆಯುತ್ತಿದೆ, ಅದೂ ಸ್ಲ್ಯಾಶ್ ಮತ್ತು ಡಫ್ ಕೈಯಲ್ಲಿ ಹೊಸದಾಗಿ ನುಡಿಸಿ.

ಮೊದಲು ಕಥೆ. 1985ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾದ ಬ್ಯಾಂಡಿದು. 1987ರ 'ಅಪೆಟೈಟ್ ಫಾರ್ ಡಿಸ್ಟ್ರಕ್ಷನ್' ಇವರನ್ನು ಎಲ್ಲಿಂದ ಎಲ್ಲಿಗೋ ಒಯ್ದಿತು. 1991ರ ಸೆಪ್ಟೆಂಬರ್‌ನಲ್ಲಿ ಎರಡು 'ಯೂಸ್ ಯುವರ್ ಇಲ್ಯೂಷನ್' ಆಲ್ಬಂಗಳು ಒಂದೇ ದಿನ ಬಂದವು. ಅಷ್ಟು ಹೊತ್ತಿಗಾಗಲೇ ಒಡಕು ಶುರುವಾಗಿತ್ತು. ಡ್ರಮ್ಮರ್ ಸ್ಟೀವನ್ ಆಡ್ಲರ್‌ನನ್ನು 1990ರಲ್ಲೇ ಕಳಿಸಿಬಿಟ್ಟಿದ್ದರು. ಎಷ್ಟೋ ಹಾಡುಗಳ ಬೇರು ಯಾರ ಕೈಯಲ್ಲಿತ್ತೋ ಆ ಗಿಟಾರಿಸ್ಟ್ ಇಜ್ಜಿ ಸ್ಟ್ರಾಡ್ಲಿನ್ 1991ರ ಕೊನೆಗೆ ತಾನಾಗಿಯೇ ಎದ್ದುಹೋದ. 1993ರ ನವೆಂಬರ್ 23ಕ್ಕೆ ಬೇರೆಯವರ ಹಾಡುಗಳನ್ನು ಮತ್ತೆ ನುಡಿಸಿದ ಒಂದು ಆಲ್ಬಂ ಬಂತು. ಆಮೇಲೆ ಮೌನ.

ಈ ಮೌನದ ಹೊತ್ತಿನಲ್ಲಿ ನಡೆದ ಒಂದು ಸಣ್ಣ ಘಟನೆಯಲ್ಲೇ ಮುಂದಿನದ್ದೆಲ್ಲ ಇದೆ ಅಂತ ನನಗನ್ನಿಸುತ್ತೆ. 1994ರಲ್ಲಿ ಹಾಲಿವುಡ್ ಸಿನಿಮಾ ಒಂದಕ್ಕೆ ರೋಲಿಂಗ್ ಸ್ಟೋನ್ಸ್‌ನ ಹಾಡೊಂದನ್ನು ಇವರು ರೆಕಾರ್ಡ್ ಮಾಡಿದರು. ಸ್ಲ್ಯಾಶ್ ತನ್ನ ಗಿಟಾರ್ ನುಡಿಸಿ ಹೋದ. ಆಕ್ಸೆಲ್ ತನ್ನ ಇಂಡಿಯಾನಾ ಕಾಲದ ಗೆಳೆಯ ಪಾಲ್ ಟೋಬಿಯಸ್‌ನಿಂದ ಅದರ ಜೊತೆಗೇ ಇನ್ನೊಂದು ಗಿಟಾರ್ ನುಡಿಸಿ ಸೇರಿಸಿಬಿಟ್ಟ. ಸ್ಲ್ಯಾಶ್‌ಗೆ ಗೊತ್ತಾಗಿದ್ದು ಕೆಲಸ ಮುಗಿದ ಮೇಲೆ. ಒಬ್ಬ ಗಿಟಾರಿಸ್ಟ್ ನುಡಿಸಿದ್ದರ ಮೇಲೆ ಅವನನ್ನು ಕೇಳದೆ ಇನ್ನೊಬ್ಬ ನುಡಿಸುವುದು, ಕೊನೆಗೆ ಯಾವುದು ಉಳಿಯಬೇಕು ಅಂತ ಒಬ್ಬನೇ ತೀರ್ಮಾನ ಮಾಡುವುದು. 'ಚೈನೀಸ್ ಡೆಮಾಕ್ರಸಿ' ಆಗಿದ್ದೂ ಹೀಗೆಯೇ, ಆದರೆ ಒಂದು ಹಾಡಿನ ಜಾಗದಲ್ಲಿ ಇಡೀ ಆಲ್ಬಂ.

1996ರ ಅಕ್ಟೋಬರ್‌ನಲ್ಲಿ ಸ್ಲ್ಯಾಶ್ ಹೋದ. 1997ರಲ್ಲಿ ಡ್ರಮ್ಮರ್ ಮ್ಯಾಟ್ ಸೋರಮ್‌ನನ್ನು ತೆಗೆದರು, ಅದೇ ವರ್ಷ ಡಫ್ ಕೂಡ ಹೊರಬಿದ್ದ. ಬ್ಯಾಂಡಿನ ಹೆಸರಿನ ಹಕ್ಕು ಆಕ್ಸೆಲ್ ಕೈಯಲ್ಲಿ ಉಳಿಯಿತು. ಅದು ಅವನ ಕೈಗೆ ಹೇಗೆ ಬಂತು ಅಂತ ಕೇಳಿದರೆ ಅವನು ಹೇಳುವ ಕಥೆ ಬೇರೆ, ಸ್ಲ್ಯಾಶ್ ಮತ್ತು ಡಫ್ ಹೇಳುವುದು ಬೇರೆ. ಏನೇ ಇರಲಿ, ಕಾಗದದ ಪ್ರಕಾರ ಗನ್ಸ್ ಎನ್ ರೋಸಸ್ ಅಂದರೆ ಇನ್ನು ಆಕ್ಸೆಲ್ ಒಬ್ಬನೇ. ಮಿಕ್ಕವರು ಗುತ್ತಿಗೆ ಮೇಲೆ ಬರಬೇಕು.

ಬಂದರು ಕೂಡ, ಸಾಮಾನ್ಯರೇನಲ್ಲ. ನೈನ್ ಇಂಚ್ ನೇಲ್ಸ್‌ನಿಂದ ರಾಬಿನ್ ಫಿಂಕ್ ಬಂದ, ಎರಡು ವರ್ಷ ಇದ್ದು 1999ರಲ್ಲಿ ಹಳೆ ಬ್ಯಾಂಡಿಗೇ ವಾಪಸ್ ಹೋದ, ಮತ್ತೆ ಬಂದ. ಬಾಸ್‌ಗೆ ದಿ ರಿಪ್ಲೇಸ್‌ಮೆಂಟ್ಸ್‌ನ ಟಾಮಿ ಸ್ಟಿನ್ಸನ್. ಡ್ರಮ್ಸ್‌ಗೆ ಜಾಷ್ ಫ್ರೀಸ್, ಅಮೆರಿಕದ ರಾಕ್ ರೆಕಾರ್ಡಿಂಗ್‌ಗಳಲ್ಲಿ ಎಲ್ಲೆಲ್ಲೂ ಸಿಗುವ ಸೆಷನ್ ಡ್ರಮ್ಮರ್, ಅಂದರೆ ದುಡ್ಡು ತಗೊಂಡು ಬೇರೆಯವರ ರೆಕಾರ್ಡಿಂಗ್‌ಗೆ ನುಡಿಸುವವನು. ಕೀಬೋರ್ಡು, ಸಿಂಥಸೈಜರ್‌ಗೆ ಕ್ರಿಸ್ ಪಿಟ್‌ಮನ್. 2000ದಲ್ಲಿ ಬಕೆಟ್‌ಹೆಡ್ ಬಂದ: ಮುಖಕ್ಕೆ ಬಿಳಿ ಮುಖವಾಡ, ತಲೆ ಮೇಲೆ ಫ್ರೈಡ್ ಚಿಕನ್ ಬಕೆಟ್ಟು, ಮಾತು ಕಮ್ಮಿ, ಬೆರಳಿನ ವೇಗ ನಂಬಲಾಗದ್ದು. ಸ್ಟುಡಿಯೋದಲ್ಲಿ ಕೋಳಿಗೂಡು ಕಟ್ಟಿಸಿದ್ದು ಇವನಿಗೇ, ಅದರೊಳಗೆ ಕೂತು ನುಡಿಸಲಿ ಅಂತ. ಅವನ ಜೊತೆಗೇ ಡ್ರಮ್ಮರ್ ಬ್ರೇನ್ ಬಂದ, ಫ್ರೀಸ್ ಬಿಟ್ಟ ಜಾಗಕ್ಕೆ. 2002ರಲ್ಲಿ ಟೋಬಿಯಸ್ ಜಾಗಕ್ಕೆ ರಿಚರ್ಡ್ ಫಾರ್ಟಸ್. 2004ರಲ್ಲಿ ಬಕೆಟ್‌ಹೆಡ್ ಹೊರಟ, ಲಿಸ್ಬನ್‌ನ ದೊಡ್ಡ ಕಾರ್ಯಕ್ರಮವೇ ರದ್ದಾಯಿತು. 2006ರಲ್ಲಿ ಬಂಬಲ್‌ಫುಟ್, ಅಂದರೆ ರಾನ್ ಥಾಲ್, ಮತ್ತು ಡ್ರಮ್ಮರ್ ಫ್ರಾಂಕ್ ಫೆರರ್. ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕಿಲ್ಲ. ಓದಿ ತಲೆ ತಿರುಗಿದರೆ ಸಾಕು, ಯಾಕಂದರೆ ರೆಕಾರ್ಡಿಂಗ್ ಕೂಡ ಹಾಗೆಯೇ ನಡೆಯಿತು.

ನಿರ್ಮಾಪಕರ ಸಾಲೂ ಕಮ್ಮಿಯಿಲ್ಲ. ಯೂತ್ ಅನ್ನುವ ಹೆಸರಿನವನು ಬಂದ, ಷಾನ್ ಬೀವನ್ ಬಂದ. ಆಮೇಲೆ ಕ್ವೀನ್ ಬ್ಯಾಂಡಿನ ದೊಡ್ಡ ಆಲ್ಬಂಗಳನ್ನು ಮಾಡಿದ್ದ ರಾಯ್ ಥಾಮಸ್ ಬೇಕರ್ ಬಂದು, ಆಗಲೇ ಮಾಡಿಟ್ಟಿದ್ದನ್ನು ಮತ್ತೆ ನುಡಿಸಲು ಹಚ್ಚಿದ. ಕೊನೆಗೆ ಆಲ್ಬಂ ಮೇಲೆ ನಿರ್ಮಾಪಕರು ಅಂತ ಉಳಿದಿದ್ದು ಎರಡೇ ಹೆಸರು: ಆಕ್ಸೆಲ್ ರೋಸ್ ಮತ್ತು ಎಂಜಿನಿಯರ್ ಕ್ಯಾರಮ್ ಕೋಸ್ಟಾಂಜೊ.

ಈ ಇಡೀ ಕಥೆಯಲ್ಲಿ ನನಗೆ ತೀರಾ ಇಷ್ಟವಾದದ್ದು, ಹಾಗೇ ತೀರಾ ವಿಚಿತ್ರ ಅನ್ನಿಸಿದ್ದು, ಡ್ರಮ್ಸಿನ ಪ್ರಸಂಗ. ಜಾಷ್ ಫ್ರೀಸ್ ಹತ್ತಾರು ಹಾಡುಗಳಿಗೆ ಡ್ರಮ್ಸ್ ನುಡಿಸಿ 2000ದಲ್ಲಿ ಬಿಟ್ಟುಹೋದ. ಅವನು ನುಡಿಸಿದ್ದು ಆಕ್ಸೆಲ್‌ಗೆ ಇಷ್ಟವೇ ಆಗಿತ್ತು. ಆದರೆ ಬ್ಯಾಂಡಿನ ಈಗಿನ ಡ್ರಮ್ಮರ್ ಬ್ರೇನ್, ಆಲ್ಬಂನಲ್ಲಿ ಅವನ ಕೈಯೇ ಇರಬೇಕು. ಹಾಗಂತ ಬ್ರೇನ್‌ಗೆ ತನಗೆ ತೋಚಿದ್ದು ನುಡಿಸಲು ಬಿಟ್ಟರಾ? ಇಲ್ಲ. ಫ್ರೀಸ್ ನುಡಿಸಿದ ಒಂದೊಂದು ಹೊಡೆತವನ್ನೂ ಕೇಳಿ ಸ್ವರಲಿಪಿಯಲ್ಲಿ ಬರೆಸಿದರು. ಅದನ್ನು ಮುಂದಿಟ್ಟುಕೊಂಡು ಬ್ರೇನ್ ಹೊಡೆತಕ್ಕೆ ಹೊಡೆತ ಅದನ್ನೇ ಮತ್ತೆ ನುಡಿಸಬೇಕಿತ್ತು. ತಾಳದ ಯೋಚನೆ ಒಬ್ಬನದು, ಕೋಲು ಹಿಡಿದ ಕೈ ಇನ್ನೊಬ್ಬನದು. ಆಮೇಲೆ ಫೆರರ್ ಬಂದಾಗ ಕೆಲವು ಹಾಡುಗಳಿಗೆ ಅವನ ಡ್ರಮ್ಸೂ ಸೇರಿತು. ಈಗ ಹೇಳಿ, ಆ ಹಾಡಿನ ಡ್ರಮ್ಮರ್ ಯಾರು?

ತಮಾಷೆ ಅಂದರೆ, ಆಲ್ಬಂನ ಮೊದಲ ಹಾಡಿನ, ಅಂದರೆ ಶೀರ್ಷಿಕೆ ಗೀತೆಯ ಗಿಟಾರ್ ರಿಫ್ (ಮರಳಿ ಮರಳಿ ಬರುವ ಸಣ್ಣ ತುಣುಕು) ಹುಟ್ಟಿಸಿದ್ದೂ ಡ್ರಮ್ಮರ್ ಫ್ರೀಸೇ. ಅವನು ಬಿಟ್ಟುಹೋಗಿ ಎಂಟು ವರ್ಷವಾದ ಮೇಲೆ ಅದು ಹೊರಬಂತು. ಹಾಡು ಬರೆದವರ ಪಟ್ಟಿಯಲ್ಲಿ ಅವನ ಹೆಸರಿದೆ, ಅಷ್ಟರ ಮಟ್ಟಿಗೆ ನ್ಯಾಯ.

ಖರ್ಚಿನ ಮಾತು. ನ್ಯೂಯಾರ್ಕ್ ಟೈಮ್ಸ್ 2005ರಲ್ಲಿ ಪ್ರಕಟಿಸಿದ ದೊಡ್ಡ ವರದಿ ಪ್ರಕಾರ ಅಷ್ಟು ಹೊತ್ತಿಗಾಗಲೇ 1 ಕೋಟಿ 30 ಲಕ್ಷ ಡಾಲರ್ ಕರಗಿತ್ತು. ಒಂದು ಹಂತದಲ್ಲಿ ತಿಂಗಳ ಬಿಲ್ಲೇ 2 ಲಕ್ಷ 44 ಸಾವಿರ ಡಾಲರ್ ಇತ್ತಂತೆ. ಸ್ಟುಡಿಯೋ ಬಾಡಿಗೆ, ವಾದಕರ ಸಂಬಳ, ಎಂಜಿನಿಯರುಗಳ ಸಂಬಳ ಎಲ್ಲ ಸೇರಿ. ಯಾರೂ ನುಡಿಸದ ದಿನವೂ ಮೀಟರ್ ಓಡುತ್ತಿತ್ತು. 2004ರ ಫೆಬ್ರವರಿಯಲ್ಲಿ ರೆಕಾರ್ಡ್ ಕಂಪನಿ ಕೈ ಎತ್ತಿತು: ಇನ್ನು ನಿನ್ನ ಖರ್ಚಲ್ಲೇ ಮುಗಿಸಿಕೋ ಅಂತ ಪತ್ರ ಬರೆದು, ಮರುತಿಂಗಳೇ ಹಳೆ ಹಾಡುಗಳ 'ಗ್ರೇಟೆಸ್ಟ್ ಹಿಟ್ಸ್' ಬಿಟ್ಟು ದುಡ್ಡು ಎತ್ತಿಕೊಂಡಿತು. ಅದನ್ನು ತಡೆಯಲು ಆಕ್ಸೆಲ್, ಸ್ಲ್ಯಾಶ್, ಡಫ್ ಮೂವರೂ ಪ್ರಯತ್ನಪಟ್ಟರು. ಮಾತು ಬಿಟ್ಟವರು ಒಂದಾಗಿದ್ದು ಇದೊಂದಕ್ಕೆ, ಅದರಲ್ಲೂ ಸೋತರು.

ಆಲ್ಬಂ ಬಂದಿದ್ದು 2008ರ ನವೆಂಬರ್ 23ಕ್ಕೆ, ಹಿಂದಿನ ಆಲ್ಬಂ ಬಂದು ಸರಿಯಾಗಿ 15 ವರ್ಷಕ್ಕೆ. ಅಮೆರಿಕದಲ್ಲಿ ಒಂದೇ ಅಂಗಡಿ ಸರಣಿಯಲ್ಲಿ ಮಾರಾಟ, ಬೆಸ್ಟ್ ಬೈನಲ್ಲಿ. ಬಿಡುಗಡೆ ಹೊತ್ತಿಗೆ ಆಕ್ಸೆಲ್ ಹೆಚ್ಚುಕಡಿಮೆ ಯಾರ ಕಣ್ಣಿಗೂ ಬೀಳಲಿಲ್ಲ. ಮೊದಲ ವಾರ ಅಲ್ಲಿ 2 ಲಕ್ಷ 61 ಸಾವಿರ ಪ್ರತಿ ಹೋಗಿ, ಮಾರಾಟದ ಪಟ್ಟಿಯಲ್ಲಿ ಮೂರನೇ ಸ್ಥಾನ ಸಿಕ್ಕಿತು. ಬೇರೆ ಯಾರಿಗಾದರೂ ಹಬ್ಬ ಅದು. ಆದರೆ 1991ರಲ್ಲಿ ಇದೇ ಹೆಸರಿನ ಬ್ಯಾಂಡಿನ ಎರಡನೇ 'ಇಲ್ಯೂಷನ್' ಒಂದೇ ವಾರದಲ್ಲಿ 7 ಲಕ್ಷ 70 ಸಾವಿರ ದಾಟಿತ್ತು. 2008ರಲ್ಲೇ ಆಲ್ಬಂ ಬಂದರೆ ಅಮೆರಿಕದಲ್ಲಿ ಎಲ್ಲರಿಗೂ ಒಂದೊಂದು ಕ್ಯಾನ್ ಪುಕ್ಕಟೆ ಅಂತ ತಂಪು ಪಾನೀಯದ ಡಾಕ್ಟರ್ ಪೆಪ್ಪರ್ ಕಂಪನಿ ಮೊದಲೇ ಘೋಷಿಸಿತ್ತು, ಸ್ಲ್ಯಾಶ್ ಮತ್ತು ಬಕೆಟ್‌ಹೆಡ್ ಇಬ್ಬರನ್ನು ಬಿಟ್ಟು! ಆಲ್ಬಂಗಿಂತ ಆ ಜೋಕೇ ಜಾಸ್ತಿ ಓಡಾಡಿತು.

ಈಗ ವಿಷಯಕ್ಕೆ ಬರೋಣ. ಈ ಆಲ್ಬಂ ಎಡವಿದ್ದು ತುಂಬಾ ಜನ ನುಡಿಸಿದ್ದಕ್ಕೆ, ಬಾಡಿಗೆ ವಾದಕರಿದ್ದಿದ್ದಕ್ಕೆ ಅಂತ ಹೇಳುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ. ಅಮೆರಿಕದ ಸ್ಟೀಲಿ ಡ್ಯಾನ್ ತಗೊಳ್ಳಿ. ಶುರುವಿನಲ್ಲಿ ಅದೂ ಸರಿಯಾದ ಬ್ಯಾಂಡೇ. ವಾಲ್ಟರ್ ಬೆಕರ್ ಮತ್ತು ಡೊನಾಲ್ಡ್ ಫೇಗನ್ ಮಿಕ್ಕವರನ್ನೆಲ್ಲ ಒಬ್ಬೊಬ್ಬರಾಗಿ ಕಳೆದುಕೊಂಡು, ಊರೂರು ಸುತ್ತಿ ನುಡಿಸುವುದನ್ನೂ 1974ರಲ್ಲಿ ನಿಲ್ಲಿಸಿ, ಇಬ್ಬರೇ ಉಳಿದರು. 1977ರ ಅವರ 'ಏಜಾ' ಆಲ್ಬಂ ತುಂಬಾ ಸೆಷನ್ ವಾದಕರೇ. ಅದರಲ್ಲಿ 'ಪೆಗ್' ಅನ್ನುವ ಹಾಡಿನ ಒಂದು ಸಣ್ಣ ಗಿಟಾರ್ ಸೋಲೋಗೆ, ಅಂದರೆ ಹಾಡಿನ ನಡುವೆ ಗಿಟಾರ್ ಮುಂದೆ ಬಂದು ನುಡಿಯುವ ಜಾಗಕ್ಕೆ, ಒಬ್ಬರಾದ ಮೇಲೊಬ್ಬರನ್ನು ಕರೆಸಿ ನುಡಿಸಿ ನೋಡಿದರು. ಎಲ್ಲರೂ ಹೆಸರು ಮಾಡಿದವರೇ, ಯಾರದ್ದೂ ಹಿಡಿಸಲಿಲ್ಲ. ಕೊನೆಗೆ ಜೇ ಗ್ರೇಡನ್ ಬಂದು ನುಡಿಸಿದ್ದು ಉಳಿಯಿತು. ಇಷ್ಟೆಲ್ಲ ಮಾಡಿದರೂ 'ಏಜಾ' ಕೇಳುವಾಗ ಒಂದೇ ಮನಸ್ಸು ಮಾಡಿದ ಕೆಲಸ ಅನ್ನಿಸುತ್ತೆ. ಅದೇ ಹಠ, ಅದೇ ಅತೃಪ್ತಿ, ಅದೇ ಬಾಡಿಗೆ ಕೈಗಳು. ಫಲ ಮಾತ್ರ ಬೇರೆ. ಯಾಕೆ?

ನನಗೆ ಕಾಣುವ ಮೊದಲ ಕಾರಣ, ಬೆಕರ್ ಮತ್ತು ಫೇಗನ್ ಬೇಡವಾದದ್ದನ್ನು ಬಿಸಾಕಿದರು. ಬೇಡ ಅಂದ ಸೋಲೋ ಕತ್ತರಿಗೆ ಹೋಯಿತು, ಒಪ್ಪಿದ್ದು ಒಂದೇ ಉಳಿಯಿತು. ಟೇಪಿನ ಕಾಲದಲ್ಲಿ ಬೇರೆ ದಾರಿಯೂ ಇರಲಿಲ್ಲ ಅನ್ನಿ. 24 ಟ್ರ್ಯಾಕಿನ ಯಂತ್ರದಲ್ಲಿ ಜಾಗ ತುಂಬಿದರೆ ಹೊಸದಕ್ಕೆ ಹಳೆಯದು ಜಾಗ ಬಿಡಬೇಕು. ಆಕ್ಸೆಲ್ ಕೆಲಸ ಶುರು ಮಾಡುವ ಹೊತ್ತಿಗೆ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡುವ ಪ್ರೋ ಟೂಲ್ಸ್ ಬಂದಿತ್ತು, ಹಾರ್ಡ್ ಡಿಸ್ಕ್ ಬಂದಿತ್ತು. ಒಂದು ಹಾಡಿಗೆ ಎಷ್ಟು ಗಿಟಾರ್ ಬೇಕಾದರೂ ಪೇರಿಸಬಹುದು, ಯಾವುದನ್ನೂ ಅಳಿಸಬೇಕಾಗಿಲ್ಲ, ನಾಳೆ ನೋಡೋಣ ಅಂತ ಇಟ್ಟುಕೊಂಡರಾಯಿತು. ಸಾವಿರಕ್ಕೂ ಜಾಸ್ತಿ ಡಿಜಿಟಲ್ ಟೇಪು ಮತ್ತಿತರ ಸರಕು ಸೇರಿತ್ತು ಅನ್ನುತ್ತೆ ಅದೇ ನ್ಯೂಯಾರ್ಕ್ ಟೈಮ್ಸ್ ವರದಿ. ಪರಿಣಾಮ, ಟೋಬಿಯಸ್ ನುಡಿಸಿದ್ದರ ಮೇಲೆ ಫಿಂಕ್, ಅದರ ಮೇಲೆ ಬಕೆಟ್‌ಹೆಡ್, ಅದರ ಮೇಲೆ ಫಾರ್ಟಸ್, ಎಲ್ಲದರ ಮೇಲೆ ಬಂಬಲ್‌ಫುಟ್‌ನ ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ) ಇಲ್ಲದ ಗಿಟಾರು. ಐದು ಜನ ಐದು ಸಲ ಒಗ್ಗರಣೆ ಹಾಕಿದ ಸಾರಿನ ಹಾಗೆ. ಒಂದೊಂದು ಒಗ್ಗರಣೆಯೂ ಘಮಘಮ, ಒಟ್ಟಿಗೆ ಬಾಯಿಗೆ ಹಾಕಿಕೊಂಡರೆ ಬೇಳೆ ಎಲ್ಲಿದೆ ಅಂತ ಹುಡುಕಬೇಕು.

ಎರಡನೆಯದು ಇನ್ನೂ ಮುಖ್ಯ. ಸ್ಟೀಲಿ ಡ್ಯಾನ್‌ನಲ್ಲಿ ಇಬ್ಬರಿದ್ದರು. ಒಬ್ಬ ಸಾಕು ಅಂದಾಗ ಇನ್ನೊಬ್ಬ ಇಲ್ಲ ಅನ್ನಬಹುದಿತ್ತು, ಒಬ್ಬ ಇನ್ನೂ ಬೇಕು ಅಂದಾಗ ಇನ್ನೊಬ್ಬ ಸಾಕು ಮಾರಾಯ ಅನ್ನಬಹುದಿತ್ತು. ಜೊತೆಗೆ ವಾದಕರು ಒಂದೇ ಕೋಣೆಯಲ್ಲಿ ಕೂತು, ಬರೆದ ಕಾಗದ ನೋಡಿಕೊಂಡು ಒಟ್ಟಿಗೆ ನುಡಿಸುತ್ತಿದ್ದರು. 'ಏಜಾ' ಶೀರ್ಷಿಕೆ ಗೀತೆಯ ಡ್ರಮ್ಸನ್ನು ಸ್ಟೀವ್ ಗ್ಯಾಡ್ ಒಂದೆರಡು ಟೇಕ್‌ನಲ್ಲೇ ಮುಗಿಸಿದ್ದು ಹಾಗೆ. ಆಕ್ಸೆಲ್ ಹತ್ತಿರ 'ಸಾಕು' ಅನ್ನುವ ಹಕ್ಕಿದ್ದವರು ಯಾರೂ ಉಳಿದಿರಲಿಲ್ಲ. ಹಳೆ ಬ್ಯಾಂಡಿನಲ್ಲಿ ಸ್ಲ್ಯಾಶ್‌ಗೆ ಆ ಹಕ್ಕಿತ್ತು, ಇಜ್ಜಿಗೆ ಇನ್ನೂ ಜಾಸ್ತಿ ಇತ್ತು. ಸಂಬಳಕ್ಕೆ ಬಂದವನು ಎಷ್ಟೇ ದೊಡ್ಡ ವಾದಕನಾದರೂ ಯಜಮಾನನಿಗೆ ಈ ಹಾಡು ಮುಗೀತು, ಇನ್ನು ಮುಟ್ಟಬೇಡ ಅನ್ನುವುದಿಲ್ಲ. ಅವನ ಕೆಲಸ ಕರೆದಾಗ ಬಂದು ನುಡಿಸುವುದು. ಬ್ಯಾಂಡಿಗೂ ಬಾಡಿಗೆ ವಾದಕರ ಗುಂಪಿಗೂ ಇರುವ ನಿಜವಾದ ವ್ಯತ್ಯಾಸ ಕೈಚಳಕದ್ದಲ್ಲ, ಜಗಳ ಆಡುವ ಹಕ್ಕಿನದು.

ಹಾಗಾದರೆ ಆಲ್ಬಂ ಕೆಟ್ಟದಾ? ಖಂಡಿತ ಅಲ್ಲ. 'ದೇರ್ ವಾಸ್ ಎ ಟೈಮ್' ಒಂದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಏಳು ನಿಮಿಷಕ್ಕೆ ಸ್ವಲ್ಪ ಕಮ್ಮಿ. ಗುಂಪುಗಾಯನ ಬರುತ್ತೆ, ಪಿಟೀಲುಗಳ ಹಿಂಡು ಬರುತ್ತೆ, ಆಕ್ಸೆಲ್ ದನಿ ಕೆಳಗಿಂದ ಹತ್ತಿ ಹತ್ತಿ ಕೀರಲಾಗುವವರೆಗೂ ಹೋಗುತ್ತೆ. ನಡುವೆ ರಾಬಿನ್ ಫಿಂಕ್‌ನ ಸೋಲೋ: ಸ್ವರವನ್ನು ಎಳೆದು ಬಗ್ಗಿಸಿ, ಹಾಡುವವನ ಹಾಗೆ ನುಡಿಸುತ್ತಾನೆ. ಕೊನೆಗೆ ಬಕೆಟ್‌ಹೆಡ್ ಶುರು ಮಾಡುತ್ತಾನೆ. ಮೊದಲು ನಿಧಾನ, ಆಮೇಲೆ ಬೆರಳು ಹಾರತೊಡಗುತ್ತೆ, ಹಾಡು ಮುಗಿಯುವವರೆಗೂ ಕೈಬಿಡುವುದಿಲ್ಲ. ಇಬ್ಬರೂ ಎರಡು ಬೇರೆ ಜಗತ್ತಿನವರು, ಆದರೂ ಇಲ್ಲಿ ಒಬ್ಬ ಬಿಟ್ಟ ಜಾಗವನ್ನು ಇನ್ನೊಬ್ಬ ಹಿಡಿದ ಹಾಗಿದೆ. ಪದರದ ಮೇಲೆ ಪದರ ಹಾಕುವ ವಿಧಾನ ಇಲ್ಲಿ ಗೆದ್ದಿದೆ. 'ದಿಸ್ ಐ ಲವ್' ಕೂಡ ಹಾಗೆಯೇ, ಆದರೆ ಅದಕ್ಕೆ ಕಾರಣ ಬೇರೆ: ಅದು ಆಕ್ಸೆಲ್ ಒಬ್ಬನೇ ಬರೆದ ಹಾಡು, ಪಿಯಾನೋ ಮೇಲೆ ನಿಂತಿದೆ, ಸೋಲೋ ಫಿಂಕ್‌ನದು, ತುರುಕಿದ್ದು ಕಮ್ಮಿ. ಎಲ್ಲಿ ಬೆನ್ನೆಲುಬು ಗಟ್ಟಿಯಾಗಿದೆಯೋ ಅಲ್ಲಿ ಪದರ ನಿಲ್ಲುತ್ತೆ. 'ಷ್ಯಾಕ್ಲರ್ಸ್ ರಿವೆಂಜ್' ಥರದ ಹಾಡಿನಲ್ಲಿ ನನಗೆ ಮಷೀನಿನ ಸದ್ದು, ಕಿರುಚಾಟ, ಬೆರಳಿನ ಸರ್ಕಸ್ ಬಿಟ್ಟು ಬೇರೇನೂ ಸಿಗುವುದಿಲ್ಲ.

ಇನ್ನೊಂದು ವಿಷಯ ಒಪ್ಪಲೇಬೇಕು. ಆಲ್ಬಂ ಜೊತೆ ಬಂದ ಪುಸ್ತಿಕೆಯಲ್ಲಿ ಯಾವ ಹಾಡಿಗೆ ಯಾರು ಗಿಟಾರ್, ಯಾವ ಸೋಲೋ ಯಾರದು, ಡ್ರಮ್ಸ್ ಯಾರು, ಪಿಟೀಲುಗಳ ಜೋಡಣೆ ಯಾರದು ಎಲ್ಲವನ್ನೂ ಹಾಡುಹಾಡಿಗೂ ಬರೆದಿದ್ದಾರೆ. ಬಿಟ್ಟುಹೋದವರ ಹೆಸರೂ ಇದೆ. ಆಕ್ಸೆಲ್ ಮೇಲೆ ಎಷ್ಟು ದೂರಿದ್ದರೂ ಈ ವಿಷಯದಲ್ಲಿ ಅವನು ಉಳಿದ ಎಷ್ಟೋ ಜನರಿಗಿಂತ ಪ್ರಾಮಾಣಿಕ.

ಉಳಿದವರು ಅಂದೆನಲ್ಲ, ನೋಡಿ. ಹೆವಿ ಮೆಟಲ್ ಗಾಯಕ ಆಝಿ ಆಸ್ಬೋರ್ನ್‌ನ 'ಡೈರಿ ಆಫ್ ಎ ಮ್ಯಾಡ್‌ಮನ್' 1981ರದ್ದು. ಬಾಸ್ ನುಡಿಸಿದ್ದು ಬಾಬ್ ಡೇಯ್ಸ್‌ಲಿ, ಡ್ರಮ್ಸ್ ಲೀ ಕರ್ಸ್‌ಲೇಕ್. ಆಲ್ಬಂ ಹೊರಬರುವ ಹೊತ್ತಿಗೆ ಇಬ್ಬರನ್ನೂ ತೆಗೆದುಹಾಕಿ ಹೊಸಬರನ್ನು ತಂದಿದ್ದರು, ಹೆಸರೂ ಫೋಟೋವೂ ಹೊಸಬರದ್ದೇ ಬಂತು, ಅವರು ಅದರಲ್ಲಿ ಒಂದು ಸ್ವರವನ್ನೂ ನುಡಿಸದಿದ್ದರೂ. ಆಮೇಲೆ ರಾಯಲ್ಟಿಗಾಗಿ ಡೇಯ್ಸ್‌ಲಿ ಮತ್ತು ಕರ್ಸ್‌ಲೇಕ್ ಕೋರ್ಟಿಗೆ ಹೋದರು. 2002ರಲ್ಲಿ ಆ ಆಲ್ಬಂ ಮತ್ತು ಅದರ ಹಿಂದಿನ 'ಬ್ಲಿಝರ್ಡ್ ಆಫ್ ಆಝ್' ಮತ್ತೆ ಬಿಡುಗಡೆಯಾದಾಗ ಇಬ್ಬರ ಬಾಸ್ ಮತ್ತು ಡ್ರಮ್ಸನ್ನೂ ತೆಗೆದುಹಾಕಿ, ರಾಬರ್ಟ್ ಟ್ರುಹಿಯೊ ಮತ್ತು ಮೈಕ್ ಬಾರ್ಡಿನ್ ಕೈಯಲ್ಲಿ ಹೊಸದಾಗಿ ನುಡಿಸಿದ್ದರು. ಇಪ್ಪತ್ತು ವರ್ಷದಿಂದ ಜನ ಕೇಳಿ ಕೇಳಿ ಕಿವಿಯಲ್ಲಿ ಕೂತಿದ್ದ ಆಲ್ಬಂ ಅದು! ಅಭಿಮಾನಿಗಳು ಉರಿದುಬಿದ್ದರು. 2011ರ ಮರುಬಿಡುಗಡೆಯಲ್ಲಿ ಮೂಲ ವಾದನ ವಾಪಸ್ ಬಂತು.

ಪಿಂಕ್ ಫ್ಲಾಯ್ಡ್ ಮಾಡಿದ್ದು ಇದರ ಉಲ್ಟಾ, ಮತ್ತು ಉದ್ದೇಶ ಒಳ್ಳೆಯದು. ಬಾಸ್ ನುಡಿಸಿ ಹಾಡು ಬರೆಯುತ್ತಿದ್ದ ರೋಜರ್ ವಾಟರ್ಸ್ ಬಿಟ್ಟುಹೋದ ಮೇಲೆ 1987ರಲ್ಲಿ ಬಂದ 'ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್' ಆಲ್ಬಂನಲ್ಲಿ ಬ್ಯಾಂಡ್ ಅಂತ ಇದ್ದವರು ಡೇವಿಡ್ ಗಿಲ್ಮೋರ್ ಮತ್ತು ನಿಕ್ ಮೇಸನ್. ಮೇಸನ್ ಇದ್ದರೂ ಎಷ್ಟೋ ಕಡೆ ಡ್ರಮ್ಸ್ ನುಡಿಸಿದ್ದು ಜಿಮ್ ಕೆಲ್ಟ್‌ನರ್, ಕಾರ್ಮೈನ್ ಅಪಿಸ್ ಥರದ ಸೆಷನ್ ವಾದಕರು, ಅದೂ ಸಾಲದೆ ಡ್ರಮ್ ಮಷೀನು. ಕೀಬೋರ್ಡಿನ ರಿಚರ್ಡ್ ರೈಟ್ ಕಾನೂನಿನ ಲೆಕ್ಕದಲ್ಲಿ ಸದಸ್ಯನೇ ಅಲ್ಲ, ಅವನ ಹೆಸರು ಉಳಿದ ವಾದಕರ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿತ್ತು. 2019ರಲ್ಲಿ ಅದರ ಹೊಸ ಮಿಶ್ರಣ ಬಂತು: ಮೇಸನ್ ಡ್ರಮ್ಸನ್ನು ಹೊಸದಾಗಿ ನುಡಿಸಿದ, ಆ ಹೊತ್ತಿಗಾಗಲೇ ತೀರಿಕೊಂಡಿದ್ದ ರೈಟ್‌ನ ಕೀಬೋರ್ಡನ್ನು ಹಳೆ ರೆಕಾರ್ಡಿಂಗ್‌ಗಳಿಂದ ಹೆಕ್ಕಿ ಸೇರಿಸಿದರು. ಕೇಳಲು ಚೆನ್ನಾಗಿಯೇ ಇದೆ. ಪಿಂಕ್ ಫ್ಲಾಯ್ಡ್ ಥರ ಇದೆ. ಆದರೆ 1987ರಲ್ಲಿ ನಡೆದಿದ್ದು ಅದಲ್ಲ. ಆವತ್ತು ನುಡಿಸಿದ ಸೆಷನ್ ಡ್ರಮ್ಮರ್ ಎಷ್ಟೋ ಕಡೆ ಹಾಡಿನಿಂದ ಸುಮ್ನೆ ಮಾಯವಾಗಿದ್ದಾನೆ.

ಗನ್ಸ್ ಎನ್ ರೋಸಸ್ ಈಗ ಇದೇ ದಾರಿಯಲ್ಲಿದೆ. 2016ರಲ್ಲಿ ಸ್ಲ್ಯಾಶ್ ಮತ್ತು ಡಫ್ ವಾಪಸ್ ಬಂದರು, ಆ ಪ್ರವಾಸ 58 ಕೋಟಿ ಡಾಲರ್‌ಗೂ ಮೇಲೆ ಗಳಿಸಿತು. ಹೊಸ ಹಾಡು ಬೇಕಲ್ಲ? ಕೂತು ಹೊಸದಾಗಿ ಬರೆಯುವ ಬದಲು ಹಳೆ ಗೋದಾಮಿನ ಬಾಗಿಲು ತೆಗೆದರು. 2021ರ 'ಅಬ್ಸರ್ಡ್' 2001ರಲ್ಲೇ 'ಸಿಲ್ಕ್‌ವರ್ಮ್ಸ್' ಅನ್ನುವ ಹೆಸರಲ್ಲಿ ವೇದಿಕೆ ಮೇಲೆ ನುಡಿಸಿದ್ದು. ಅದೇ ವರ್ಷದ 'ಹಾರ್ಡ್ ಸ್ಕೂಲ್', 2023ರ 'ಪರ್ಹ್ಯಾಪ್ಸ್' ಮತ್ತು 'ದಿ ಜನರಲ್', ಎಲ್ಲದರ ಬೇರೂ ಆ ವರ್ಷಗಳಲ್ಲೇ. ಫಿಂಕ್, ಬಕೆಟ್‌ಹೆಡ್, ಸ್ಟಿನ್ಸನ್, ಬ್ರೇನ್ ಇದ್ದ ಕೋಣೆಯ ಹಾಡುಗಳಿಗೆ ಸ್ಲ್ಯಾಶ್ ಗಿಟಾರು, ಡಫ್ ಬಾಸು. ವ್ಯಾಪಾರದ ಲೆಕ್ಕದಲ್ಲಿ ಬುದ್ಧಿವಂತಿಕೆ. ಕೇಳುವವನಿಗೂ ಸಂತೋಷ, ಸ್ಲ್ಯಾಶ್ ನುಡಿಸಿದರೆ ಯಾರಿಗೆ ಬೇಡ? 'ಹಾರ್ಡ್ ಸ್ಕೂಲ್' ನನಗೂ ಇಷ್ಟ. ಆದರೆ 1994ರಲ್ಲಿ ಸ್ಲ್ಯಾಶ್ ಗಿಟಾರ್ ಮೇಲೆ ಇನ್ನೊಬ್ಬನ ಗಿಟಾರ್ ಬಂದು ಕೂತಾಗ ಅವನಿಗೆ ಎಷ್ಟು ಕೋಪ ಬಂದಿತ್ತೋ, ಈಗ ಅವನೇ ಬೇರೆಯವರ ಜಾಗದಲ್ಲಿ ಕೂತು ನುಡಿಸಿದ್ದಾನೆ. ಇದನ್ನು ಯಾರೂ ಜಾಸ್ತಿ ಎತ್ತಿ ಆಡುವುದಿಲ್ಲ.

ಇದು ಬರೀ ಅಭಿಮಾನಿಗಳ ತಕರಾರಲ್ಲ, ದುಡ್ಡಿನ ವಿಷಯವೂ ಹೌದು. ಅಮೆರಿಕದಲ್ಲಿ ಎಫ್‌ಎಂ ರೇಡಿಯೋದಲ್ಲಿ ಹಾಡು ಬಂದರೆ ಬರೆದವರಿಗೆ ದುಡ್ಡು ಸಿಗುತ್ತೆ, ನುಡಿಸಿದವರಿಗೆ ಬಿಡಿಗಾಸೂ ಇಲ್ಲ. ಸ್ಯಾಟಲೈಟ್ ರೇಡಿಯೋ, ಇಂಟರ್‌ನೆಟ್ ರೇಡಿಯೋದಲ್ಲಿ ಕಾನೂನೇ ಪಾಲು ಹಾಕಿಟ್ಟಿದೆ: ರೆಕಾರ್ಡಿಂಗ್ ಮಾಲೀಕರಿಗೆ 50 ಪರ್ಸೆಂಟ್, ಹೆಸರಿನ ಕಲಾವಿದರಿಗೆ, ಅಂದರೆ ಬ್ಯಾಂಡಿಗೆ, 45, ಉಳಿದ ಎಲ್ಲಾ ಸೆಷನ್ ವಾದಕರಿಗೂ ಹಿನ್ನೆಲೆ ಗಾಯಕರಿಗೂ ಸೇರಿ 5. ಸ್ಪಾಟಿಫೈ ಥರದ ಕಡೆ ಬೇಕಾದ ಹಾಡನ್ನು ಆರಿಸಿ ಕೇಳಿದರೆ ಆ 5 ಕೂಡ ಕಾನೂನಿನಿಂದ ಬರುವುದಿಲ್ಲ, ಎಲ್ಲ ಒಪ್ಪಂದದಲ್ಲಿ ಏನು ಬರೆದಿದೆಯೋ ಅದರ ಪ್ರಕಾರ. ಹಾಗಾಗಿ ನೀನು ಬ್ಯಾಂಡ್ ಸದಸ್ಯನೋ ಬಾಡಿಗೆ ವಾದಕನೋ ಅನ್ನುವ ಪ್ರಶ್ನೆ ಗೌರವದ್ದು ಮಾತ್ರ ಅಲ್ಲ. 45ರ ಗುಂಪಿನಲ್ಲಿದ್ದೀಯೋ 5ರ ಗುಂಪಿನಲ್ಲಿದ್ದೀಯೋ ಅನ್ನುವುದು.

ಹಾಡು ಬರೆದವರ ಪಟ್ಟಿಯಲ್ಲಿ ಹೆಸರಿದ್ದರೆ ಕಥೆಯೇ ಬೇರೆ. ಕ್ಲೇರ್ ಟೋರಿ 1973ರಲ್ಲಿ ಪಿಂಕ್ ಫ್ಲಾಯ್ಡ್‌ನ 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ'ಗೆ ಹಾಡಿದಾಗ ಆಕೆಗೆ ಸಿಕ್ಕಿದ್ದು ಸೆಷನ್ ಲೆಕ್ಕದ 30 ಪೌಂಡ್. ಪದಗಳೇ ಇಲ್ಲದ ಆ ಆಲಾಪ ಆಕೆ ಅಲ್ಲೇ ನಿಂತು ಕಟ್ಟಿದ್ದು. 2004ರಲ್ಲಿ ಕೋರ್ಟಿಗೆ ಹೋದರು, 2005ರಲ್ಲಿ ರಾಜಿಯಾಯಿತು, ಅಲ್ಲಿಂದ ಈಚೆಗೆ ಸಂಗೀತ ರಚಿಸಿದವರ ಹೆಸರಲ್ಲಿ ರೈಟ್ ಜೊತೆ ಟೋರಿ ಹೆಸರೂ ಬರುತ್ತೆ. 'ಚೈನೀಸ್ ಡೆಮಾಕ್ರಸಿ'ಯಲ್ಲಿ ಫ್ರೀಸ್‌ಗೆ, ಫಿಂಕ್‌ಗೆ, ಪಿಟ್‌ಮನ್‌ಗೆ, ಟೋಬಿಯಸ್‌ಗೆ ಹಾಡು ಬರೆದವರು ಅಂತ ಹೆಸರು ಸಿಕ್ಕಿದ್ದರಿಂದ ಅವರು ಬಿಟ್ಟುಹೋದರೂ ಪಾಲು ಅವರ ಹಿಂದೆ ಹೋಗುತ್ತೆ. ಸೋಲೋ ನುಡಿಸಿದ್ದಷ್ಟೇ ಆದರೆ? ಹಾಡಿಗೆ ಜೀವ ತುಂಬಿದ ಸೋಲೋ ಕೂಡ ಕಾನೂನಿನ ಕಣ್ಣಿಗೆ ಸಾಮಾನ್ಯವಾಗಿ ರಚನೆ ಅಲ್ಲ, ವಾದನ.

ಕ್ವೀನ್‌ನ ಬ್ರಯಾನ್ ಮೇ ಇದೇ ಆಲ್ಬಂಗೆ 'ಕ್ಯಾಚರ್ ಇನ್ ದಿ ರೈ' ಹಾಡಿನಲ್ಲಿ ಗಿಟಾರ್ ನುಡಿಸಿದ್ದ. ಆಲ್ಬಂ ಬಂದಾಗ ಅದು ಇರಲಿಲ್ಲ, ಬೇರೆಯವರದ್ದಿತ್ತು. ಮುಂಚೆ ಸೋರಿಕೆಯಾದ ಹಳೆ ಆವೃತ್ತಿಯಲ್ಲಿ ಮಾತ್ರ ಮೇ ಕೈ ಕೇಳಿಸುತ್ತೆ. ಬ್ರಯಾನ್ ಮೇ ಆದರೂ ಅಳಿಸಬಹುದು ಅಂದಮೇಲೆ ಇನ್ನು ಯಾರನ್ನು ಬೇಕಾದರೂ ಅಳಿಸಬಹುದು ಅಲ್ವಾ? 2018ರಲ್ಲಿ 'ಅಪೆಟೈಟ್'ಗೆ, 2022ರಲ್ಲಿ 'ಇಲ್ಯೂಷನ್' ಜೋಡಿಗೆ ದೊಡ್ಡ ಬಾಕ್ಸ್ ಸೆಟ್ ಮಾಡಿದರು, ಹಳೆ ರೆಕಾರ್ಡಿಂಗ್‌ಗಳನ್ನೆಲ್ಲ ಸೇರಿಸಿ. 'ಚೈನೀಸ್ ಡೆಮಾಕ್ರಸಿ'ಗೂ ಒಂದು ಮಾಡಲಿ ಅನ್ನುವುದು ನನ್ನ ಆಸೆ. ಸ್ಲ್ಯಾಶ್ ಸೇರಿಸಿದ ಹೊಸ ಆವೃತ್ತಿಗಳು ಇರಲಿ, ಬೇಡ ಅನ್ನುವವರು ಯಾರು. ಅವುಗಳ ಪಕ್ಕದಲ್ಲೇ ಫ್ರೀಸ್ ಮೊದಲು ನುಡಿಸಿದ ಡ್ರಮ್ಸ್, ಬಕೆಟ್‌ಹೆಡ್ ಒಬ್ಬನೇ ಇರುವ ಮಿಶ್ರಣ, ಮೇ ನುಡಿಸಿದ 'ಕ್ಯಾಚರ್' ಇವನ್ನೂ ಹಾಕಲಿ, 2008ರ ಪುಸ್ತಿಕೆಯಲ್ಲಿ ಮಾಡಿದ ಹಾಗೆ ಯಾವುದು ಯಾರದು ಅಂತ ಬರೆದು.